ಹಳೆಯ ಸೈಕ್ಲಿಂಗ್ ಕ್ಲಬ್ಬಿನ ಹೊಣೆ: ಗುಂಪಿನ ಹಿಂದಿನಿಂದ ಕಾಣುವುದು

(ಸೈಕ್ಲಿಂಗ್ ಕ್ಲಬ್ಬುಗಳ ಹೊಸ ಪದಾಧಿಕಾರಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳಷ್ಟು ಜನ ಈಚೆಗೆ ತಮ್ಮ ಕ್ಲಬ್ಬಿನ ಅಧ್ಯಕ್ಷರೋ ಕಾರ್ಯದರ್ಶಿಯೋ ಆದವರು, ಇಲ್ಲವೇ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆಗಲಿರುವವರು. ಹೊಸದಾಗಿ ಕ್ಲಬ್ ಕಟ್ಟುವವರ ಕಷ್ಟ ಬೇರೆ, ಅದರ ಬಗ್ಗೆ ಇವತ್ತು ಮಾತಾಡುವುದಿಲ್ಲ. ನಮಗಿಂತ ಮೊದಲೇ ಇದ್ದ, ನಾವು ಬಿಟ್ಟ ಮೇಲೂ ಇರಬೇಕಾದ ಕ್ಲಬ್ಬನ್ನು ವಹಿಸಿಕೊಳ್ಳುವುದು ಹೇಗೆ ಅನ್ನುವುದಷ್ಟೇ ನನ್ನ ವಿಷಯ. ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊಣೆ ಹೊತ್ತವರು ಮೊದಲ ಕೆಲವು ತಿಂಗಳು ಪ್ರತಿ ರೈಡಿನಲ್ಲೂ ಎಲ್ಲರಿಗಿಂತ ಹಿಂದೆ, ಕೊನೆಯ ಸವಾರರ ಜೊತೆ ಸೈಕಲ್ ತುಳಿಯಬೇಕು. ನಾನು ಹೀಗೆ ಮಾಡಿದ್ದೇನೆ, ಮಾಡಿದವರನ್ನು ನೋಡಿದ್ದೇನೆ. ಕಚೇರಿಯ ಕಡತಗಳು ತಿಳಿಸದ ಎಷ್ಟೋ ಸಂಗತಿಗಳು ಅಲ್ಲಿ ತಿಳಿಯುತ್ತವೆ.

ಮೊದಲು ಸ್ವಲ್ಪ ಚರಿತ್ರೆ. ಲಂಡನ್ನಿನ ಪಿಕ್‌ವಿಕ್ ಬೈಸಿಕಲ್ ಕ್ಲಬ್ ಶುರುವಾಗಿದ್ದು 1870ರಲ್ಲಿ. ಇವತ್ತು ನಾವು ತುಳಿಯುವ ಸೈಕಲ್ಲಿನ ರೂಪ, ಅಂದರೆ ಎರಡೂ ಚಕ್ರ ಹೆಚ್ಚುಕಡಿಮೆ ಸಮವಾಗಿದ್ದು ಚೈನಿನಿಂದ ಹಿಂದಿನ ಚಕ್ರ ತಿರುಗುವ ರೂಪ, ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಮೂಲಕ ನೆಲೆಗೊಂಡದ್ದು 1885ರಲ್ಲಿ. ಡನ್‌ಲಪ್‌ನ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಸಿಕ್ಕಿದ್ದು 1888ರಲ್ಲಿ. ಎಂದರೆ ಸೈಕಲ್ ಕ್ಲಬ್ ಎಂಬ ಸಂಸ್ಥೆ ಇವತ್ತಿನ ಸೈಕಲ್ಲಿಗಿಂತ ಹಳೆಯದು. ಸೈಕಲ್ಲಿನ ಮುಂದಿನ ಚಕ್ರ ತೀರಾ ಎತ್ತರವಾಗಿದ್ದ ಆ ಕಾಲದಲ್ಲಿ ಕ್ಲಬ್ಬಿಗೊಬ್ಬ ಕ್ಯಾಪ್ಟನ್, ಒಬ್ಬ ಉಪ ಕ್ಯಾಪ್ಟನ್ ಇರುತ್ತಿದ್ದರು. ಅನೇಕ ಕ್ಲಬ್ಬುಗಳಲ್ಲಿ ಕಹಳೆ ಊದುವವನೂ ಒಬ್ಬ ಪದಾಧಿಕಾರಿಯೇ! ಹತ್ತಿ, ಇಳಿಯಿರಿ, ನಿಧಾನಿಸಿ ಎಂದು ಹಿಂದಿನ ಸಾಲಿಗೆಲ್ಲ ಕೇಳುವಂತೆ ಸೂಚನೆ ಕೊಡುವುದು ಅವನ ಕೆಲಸ. ಗುಂಪಿನಲ್ಲಿ ಸವಾರಿ ಮಾಡುವಾಗ ಮುಂದಿನವರ ತೀರ್ಮಾನ ಹಿಂದಿನವರಿಗೆ ಸಮಯಕ್ಕೆ ಮುಟ್ಟಬೇಕು ಎಂಬುದನ್ನು ಅವರು ಅಷ್ಟು ಮೊದಲೇ ಕಂಡುಕೊಂಡಿದ್ದರು.

ಈಗ ಗುಂಪಿನ ಹಿಂಭಾಗಕ್ಕೆ ಬರೋಣ.

ಇನ್ನೊಬ್ಬರ ಚಕ್ರದ ಹಿಂದೆ ಹತ್ತಿರದಲ್ಲಿ ತುಳಿದರೆ ಶ್ರಮ ಕಡಿಮೆ ಎಂದು ನಿಮಗೆಲ್ಲ ಗೊತ್ತು. ಸಮತಟ್ಟು ರಸ್ತೆಯಲ್ಲಿ ಒಳ್ಳೆಯ ವೇಗದಲ್ಲಿದ್ದಾಗ ಹಿಂದಿನವನಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶಕ್ತಿ ಉಳಿಯುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 25 ಕಿ.ಮೀ. ಹೋಗುತ್ತಿದ್ದವನು 30ಕ್ಕೆ ಏರಿಸಿದರೆ ಗಾಳಿಯ ಲೆಕ್ಕವೊಂದೇ ಶೇ 70ಕ್ಕೂ ಹೆಚ್ಚಾಗುತ್ತದೆ. ಮುಂದಿರುವ ಗಟ್ಟಿ ಸವಾರನಿಗೆ ಆ ಐದು ಕಿ.ಮೀ. ಉಲ್ಲಾಸ. ಗುಂಪಿನ ಆಸರೆಯಲ್ಲಿರುವವರು ಅದನ್ನೂ ಹೇಗೋ ಸಹಿಸಿಕೊಳ್ಳುತ್ತಾರೆ. ಆದರೆ ಯಾವುದೋ ಕಾರಣಕ್ಕೆ ಗುಂಪಿನಿಂದ ಇಪ್ಪತ್ತು ಮೀಟರ್ ತಪ್ಪಿದವರು ಇಡೀ ಗಾಳಿಯನ್ನು ಒಬ್ಬರೇ ಎದುರಿಸುತ್ತ, ಮುಂದಿನವರಿಗಿಂತಲೂ ಹೆಚ್ಚು ವೇಗದಲ್ಲಿ ತುಳಿದರೆ ಮಾತ್ರ ಮತ್ತೆ ಸೇರಿಕೊಳ್ಳಬಹುದು. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಶಕ್ತಿಯಿರುವವರಿಗೆ ಎಲ್ಲರಿಗಿಂತ ದೊಡ್ಡ ಕೆಲಸ ಬೀಳುವುದು ಹೀಗೆ.

ಆ ಇಪ್ಪತ್ತು ಮೀಟರ್ ಎಲ್ಲಿ ತಪ್ಪುತ್ತದೆ? ಹೆಚ್ಚಿನ ಸಲ ತಿರುವಿನಲ್ಲಿ, ಉಬ್ಬಿನಲ್ಲಿ, ಸಿಗ್ನಲ್ಲಿನಲ್ಲಿ. ಮೊದಲಿನವರು ತಿರುವು ದಾಟಿ ಮತ್ತೆ ವೇಗ ಹಿಡಿಯುವಾಗ ಕೊನೆಯವರು ಇನ್ನೂ ಬ್ರೇಕ್ ಒತ್ತುತ್ತಿರುತ್ತಾರೆ. ಸಾಲು ರಬ್ಬರಿನಂತೆ ಹಿಗ್ಗುತ್ತದೆ. ಹಿಗ್ಗಿದ ಅಂತರವನ್ನೆಲ್ಲ ಮುಚ್ಚುವ ಭಾರ ಕೊನೆಯವರ ಕಾಲಿನ ಮೇಲೆ. ಒಂದು ರೈಡಿನಲ್ಲಿ ಇಂಥದು ಹತ್ತಾರು ಸಲ ಆಗುತ್ತದೆ. ಮುಂದಿರುವವರು ಕೆಟ್ಟವರಲ್ಲ, ಅವರಿಗೆ ಇದು ಕಾಣುವುದೇ ಇಲ್ಲ. ವೇಗ ಒಂದೇ ಸಮ ಇಟ್ಟಿದ್ದೇವೆ ಎಂದೇ ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಮುಂದಾಳು ಮಾಡಬೇಕಾದದ್ದು ತೀರಾ ಸರಳ: ತಿರುವು ದಾಟಿದ ಮೇಲೆ ಹಿಂದಿನಿಂದ ‘ಎಲ್ಲ ಬಂದ್ರು’ ಎಂಬ ಕೂಗು ಕೇಳುವ ತನಕ ಹಗುರವಾಗಿ ತುಳಿಯುವುದು. ಏರು ರಸ್ತೆಯಲ್ಲಿ ಈ ಉಪಾಯ ನಡೆಯದು. ಅಲ್ಲಿ ವೇಗ ಕಡಿಮೆ, ಗಾಳಿಯ ಆಸರೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಮೈಭಾರವನ್ನು ಅವರವರೇ ಎತ್ತಬೇಕು. ಆದ್ದರಿಂದ ಏರಿನಲ್ಲಿ ಎಲ್ಲರೂ ಅವರವರ ವೇಗದಲ್ಲಿ ಹತ್ತಲಿ, ಮೇಲೆ ಕಾಯೋಣ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೇಲೆ ಕಾಯುವಾಗ ಏನಾಗುತ್ತದೆ ಎಂಬುದನ್ನೂ ಗಮನಿಸಿ. ಮುಂದಿದ್ದವರು ನೀರು ಕುಡಿದು, ಸುಧಾರಿಸಿಕೊಂಡು, ಹರಟೆ ಹೊಡೆದು ಹತ್ತು ನಿಮಿಷ ಆದಮೇಲೆ ಕೊನೆಯವರು ಏದುಸಿರು ಬಿಡುತ್ತ ಬಂದು ಮುಟ್ಟುತ್ತಾರೆ. ಅವರು ಕಾಲೂರಿದ ತಕ್ಷಣ ‘ಸರಿ, ಎಲ್ಲ ಬಂದಾಯ್ತು, ಹೊರಡೋಣ’ ಎಂಬ ಮಾತು. ಹೆಚ್ಚು ದಣಿದವರಿಗೆ ವಿಶ್ರಾಂತಿಯೇ ಇಲ್ಲ! ಇದನ್ನು ಯಾವ ಸಮಿತಿಯೂ ಠರಾವು ಮಾಡಿ ಜಾರಿಗೆ ತಂದಿಲ್ಲ, ತಾನಾಗಿಯೇ ಬೆಳೆದ ಅಭ್ಯಾಸ. ಇದು ಕ್ಲಬ್ಬಿಗೆ ಮಾಡುವ ಹಾನಿ ಬಹಳ ದೊಡ್ಡದು ಎಂದು ನಾನು ನಂಬಿದ್ದೇನೆ. ಹೀಗೆ ಮೂರು ವಾರ ಆದವರು ನಾಲ್ಕನೇ ವಾರ ಬರುವುದಿಲ್ಲ. ದೂರು ಕೊಡುವುದಿಲ್ಲ, ಪತ್ರ ಬರೆಯುವುದಿಲ್ಲ. ‘ನನಗೇ ಆಗ್ಲಿಲ್ಲ’ ಎಂದುಕೊಂಡು ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ಸಮಿತಿಯಲ್ಲಿ ಮಾತ್ರ ‘ಈಗಿನವರಿಗೆ ಆಸಕ್ತಿಯೇ ಇಲ್ಲ’ ಎಂಬ ಚರ್ಚೆ ನಡೆಯುತ್ತದೆ. ನನ್ನ ಸಲಹೆ, ಹೊರಡುವ ಹೊತ್ತನ್ನು ಕೊನೆಗೆ ಬಂದವರೇ ಹೇಳಲಿ. ಮುಂದಿನವರಿಗೆ ಕಾಯಲು ಬೇಸರವಾದರೆ ಅವರು ಇನ್ನೊಂದು ಏರು ಹತ್ತಿ ಇಳಿದು ಬರಲಿ.

ಹಿಂದೆ ಇದ್ದಾಗ ಕಾಣುವ ಇನ್ನೊಂದು ಸಂಗತಿ ಅಪಾಯ. ಪಕ್ಕದವರಿಗಿಂತ ಅರ್ಧ ಚಕ್ರ ಮುಂದೆ ಹೋಗುವ ಚಾಳಿಯವರು ಯಾರು, ಗುಂಡಿ ಕಂಡರೂ ಕೈ ತೋರಿಸದವರು ಯಾರು, ಮುಂದಿನ ಚಕ್ರವನ್ನು ಇನ್ನೊಬ್ಬರ ಹಿಂದಿನ ಚಕ್ರದ ಪಕ್ಕಕ್ಕೆ ತಾಗುವಷ್ಟು ತೂರಿಸುವವರು ಯಾರು ಎಂಬುದೆಲ್ಲ ಅಲ್ಲಿಂದ ಸ್ಪಷ್ಟ. ಚಕ್ರಕ್ಕೆ ಚಕ್ರ ತಾಗಿದರೆ ಸಾಮಾನ್ಯವಾಗಿ ಬೀಳುವವರು ಹಿಂದಿನವರು. ದೊಡ್ಡ ಗುಂಪನ್ನು ಎಂಟು-ಹತ್ತು ಜನರ ಸಣ್ಣ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ಮುಂದೊಬ್ಬರು, ಹಿಂದೆ ಸ್ವೀಪ್ ಆಗಿ, ಅಂದರೆ ಯಾರೂ ಹಿಂದುಳಿಯದಂತೆ ನೋಡಿಕೊಳ್ಳುತ್ತ ಕೊನೆಯಲ್ಲಿ ಬರುವವರಾಗಿ, ಒಬ್ಬರು ಇರುವಂತೆ ಮಾಡಿ. ತುರ್ತು ಸಂಪರ್ಕದ ಪಟ್ಟಿ, ಪಂಪ್, ಟ್ಯೂಬ್, ಪ್ರಥಮ ಚಿಕಿತ್ಸೆಯ ಚೀಲ ಸ್ವೀಪ್ ಬಳಿ ಇರಲಿ, ಏಕೆಂದರೆ ಯಾರು ಎಲ್ಲಿ ನಿಂತರೂ ಹಿಂದಿನಿಂದ ಬರುವ ಅವರಿಗೆ ಸಿಕ್ಕೇ ಸಿಗುತ್ತಾರೆ. ಯಾರಾದರೂ ಬಿದ್ದರೆ ಮೊದಲು ಹಿಂದಿನಿಂದ ಬರುವ ವಾಹನಗಳನ್ನು ತಡೆಯಿರಿ. ಬಿದ್ದವರನ್ನು ಅವಸರದಲ್ಲಿ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆಯಬೇಡಿ. ಸಹಾಯಕ್ಕೆ ಫೋನ್ ಮಾಡುವ ಕೆಲಸ ಒಬ್ಬರದ್ದೇ ಆಗಿರಲಿ, ಸ್ಥಳವನ್ನು ಖಚಿತವಾಗಿ ಹೇಳಲಿ. ಏಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಮತ್ತೆ ತೊಡಬಾರದು. ಇವೆಲ್ಲ ನಿಮಗೆ ಗೊತ್ತಿರಬಹುದು, ಆದರೆ ನಿಮ್ಮ ಎಲ್ಲ ರೈಡ್ ಲೀಡರುಗಳಿಗೂ ಗೊತ್ತಿದೆಯೇ ಎಂಬುದು ಈಗ ನಿಮ್ಮ ಜವಾಬ್ದಾರಿ.

ರಸ್ತೆಯ ಮೇಲೆ ಹಿಂದುಳಿಯುವವರ ವಿಷಯವಾಯಿತು. ರಸ್ತೆಗೆ ಬರುವ ಮೊದಲೇ ಹೊರಗಿಡಲ್ಪಡುವವರೂ ಇದ್ದಾರೆ. ಇಲ್ಲಿ ಎರಡು ಹಳೆಯ ಪ್ರಸಂಗಗಳನ್ನು ಹೇಳಬೇಕು.

ಅಮೆರಿಕದ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ 1880ರಲ್ಲಿ ಹುಟ್ಟಿದ ಸಂಘ. ಒಳ್ಳೆಯ ರಸ್ತೆಗಳಿಗಾಗಿ ಆ ದೇಶದಲ್ಲಿ ನಡೆದ ಚಳವಳಿಯ ಮುಂಚೂಣಿಯಲ್ಲಿ ನಿಂತದ್ದು ಅದೇ. ಅದೇ ಸಂಘ 1894ರಲ್ಲಿ ಬಿಳಿಯರಷ್ಟೇ ಸದಸ್ಯರಾಗಬಹುದು ಎಂದು ನಿಯಮ ಮಾಡಿತು. ಬಾಸ್ಟನ್ನಿನ ಕಿಟ್ಟಿ ನಾಕ್ಸ್ ಎಂಬ ಹೊಲಿಗೆ ಕೆಲಸದ ಯುವತಿ, ತಂದೆಯ ಕಡೆಯಿಂದ ಕಪ್ಪು ಜನಾಂಗದವಳು, ಅದಕ್ಕೂ ಮೊದಲೇ ಸದಸ್ಯೆಯಾಗಿದ್ದಳು. 1895ರಲ್ಲಿ ಆ್ಯಸ್ಬರಿ ಪಾರ್ಕಿನಲ್ಲಿ ನಡೆದ ಸಂಘದ ಸಮಾವೇಶಕ್ಕೆ ತನ್ನ ಸದಸ್ಯತ್ವದ ಕಾರ್ಡ್ ಹಿಡಿದು ಹೋದಾಗ ಆಕೆಯ ಹಕ್ಕನ್ನೇ ಪ್ರಶ್ನಿಸಿದರು. ಆಕೆ ಅಂಜದೆ ನಿಂತಳು. ಆ ನಿಯಮವನ್ನು ಸಂಘ ವಿಧಿವತ್ತಾಗಿ ತಿರಸ್ಕರಿಸಿದ್ದು 1999ರಲ್ಲಿ. ನೂರು ವರ್ಷಕ್ಕೂ ಮಿಗಿಲಾದ ಮೇಲೆ! 1898ರಲ್ಲಿ ಲಕ್ಷ ದಾಟಿದ್ದ ಅದರ ಸದಸ್ಯಬಲ 1902ರ ಹೊತ್ತಿಗೆ ಹತ್ತು ಸಾವಿರಕ್ಕಿಂತ ಕೆಳಗಿಳಿದಿತ್ತು. ಆ ಕುಸಿತಕ್ಕೆ ದೊಡ್ಡ ಕಾರಣ ಸೈಕಲ್ಲಿನ ಭರಾಟೆಯೇ ಇಳಿದದ್ದು, ಅದನ್ನು ಈ ನಿಯಮದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಭರಾಟೆಯ ದಿನಗಳಲ್ಲಿ ಬಾಗಿಲು ಕಿರಿದು ಮಾಡಿಕೊಂಡ ಸಂಸ್ಥೆಗೆ ಇಳಿಗಾಲದಲ್ಲಿ ಕರೆಯಲು ಯಾರಿರುತ್ತಾರೆ?

ಎರಡನೆಯದು ಬ್ರಿಟನ್ನಿನದು. ಅಲ್ಲಿ ಸೈಕಲ್ ರೇಸುಗಳ ಆಡಳಿತ ನೋಡಿಕೊಳ್ಳುತ್ತಿದ್ದ ನ್ಯಾಷನಲ್ ಸೈಕ್ಲಿಸ್ಟ್ಸ್ ಯೂನಿಯನ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಸಾರ್ವಜನಿಕ ರಸ್ತೆಗಳ ಮೇಲಿನ ಗುಂಪು ರೇಸುಗಳಿಗೆ ತಡೆ ಹಾಕಿತ್ತು. ರೇಸುಗಳಿಂದ ಗಲಾಟೆಯಾಗಿ ಸೈಕಲ್ಲನ್ನೇ ರಸ್ತೆಯಿಂದ ಓಡಿಸಿಬಿಟ್ಟಾರು ಎಂಬ ಭಯ ಅದರ ಹಿಂದಿತ್ತು, ಆ ಕಾಲಕ್ಕೆ ಅದು ಪೊಳ್ಳು ಭಯವೂ ಅಲ್ಲ. ಹಾಗಾಗಿ ಒಬ್ಬೊಬ್ಬರನ್ನೇ ಬಿಟ್ಟು ಹೊತ್ತು ಅಳೆಯುವ ಟೈಮ್ ಟ್ರಯಲ್‌ಗಳು ಬೆಳೆದವು. ಬೆಳಗಿನ ಜಾವ, ಯಾರ ಕಣ್ಣಿಗೂ ಬೀಳದಂತೆ ಕಪ್ಪು ಬಟ್ಟೆ ತೊಟ್ಟು ಅವರು ಓಡುತ್ತಿದ್ದರು. ದಶಕಗಳು ಕಳೆದವು, ಕಾಲ ಬದಲಾಯಿತು, ತಡೆ ಮಾತ್ರ ಹಾಗೇ ಉಳಿಯಿತು. 1942ರ ಜೂನ್ 7ರಂದು ಪರ್ಸಿ ಸ್ಟಾಲರ್ಡ್ ಎಂಬಾತ ಪೊಲೀಸರ ಒಪ್ಪಿಗೆ ಪಡೆದೇ ಲಾಂಗಾಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್ ತನಕ ಗುಂಪು ರೇಸ್ ನಡೆಸಿದ. ಸುಮಾರು 40 ಸವಾರರು ಓಡಿದರು. ಯೂನಿಯನ್ ಅವನ ಮೇಲೂ ಸವಾರರ ಮೇಲೂ ಶಿಸ್ತು ಕ್ರಮ ಕೈಗೊಂಡಿತು. ಅದೇ ವರ್ಷ ಬ್ರಿಟಿಷ್ ಲೀಗ್ ಆಫ್ ರೇಸಿಂಗ್ ಸೈಕ್ಲಿಸ್ಟ್ಸ್ ಎಂಬ ಬೇರೆ ಸಂಘ ಹುಟ್ಟಿತು. ಎರಡೂ ಮತ್ತೆ ಒಂದಾಗಲು 1959 ಬರಬೇಕಾಯಿತು.

ಇದನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ನಿಮ್ಮ ಕ್ಲಬ್ಬಿನ ಪ್ರತಿಯೊಂದು ಹಳೆಯ ನಿಯಮದ ಹಿಂದೆಯೂ ಬಹುಶಃ ಒಂದು ನಿಜವಾದ ಭಯ ಇದ್ದಿರುತ್ತದೆ. ಅದಕ್ಕಾಗಿ ನಡಾವಳಿ ಪುಸ್ತಕಗಳನ್ನು ಓದಿ. ಹಳೆಯವು ಯಾರದೋ ಮನೆಯ ಅಟ್ಟದಲ್ಲಿದ್ದರೆ ತರಿಸಿಕೊಳ್ಳಿ. ಹಗಲಿನಲ್ಲೂ ಹಿಂದಿನ ದೀಪ ಉರಿಯಲೇಬೇಕು ಎಂಬ ನಿಯಮ ಈಗಿನವರಿಗೆ ಅತಿಯಾಗಿ ಕಾಣಬಹುದು. ನಡಾವಳಿ ತಿರುವಿ ನೋಡಿದರೆ ಆ ನಿಯಮ ಬರುವ ಹಿಂದಿನ ತಿಂಗಳು ಒಂದು ಅಪಘಾತ ಆಗಿರಬಹುದು. ಕಾರಣ ಇನ್ನೂ ಬದುಕಿದ್ದರೆ ನಿಯಮ ಇರಲಿ, ಜೊತೆಗೆ ಆ ಕಾರಣವನ್ನೂ ಹೊಸ ಸದಸ್ಯರಿಗೆ ಹೇಳಿ. ಕಾರಣ ಸತ್ತಿದ್ದರೆ ಸಭೆಯ ಮುಂದಿಟ್ಟು ನಿಯಮವನ್ನು ತೆಗೆಯಿರಿ. ಬಂದ ಮೊದಲ ತಿಂಗಳೇ ಜೆರ್ಸಿಯ ಬಣ್ಣ, ರೈಡಿನ ಹೊತ್ತು, ಲಾಂಛನ ಎಲ್ಲವನ್ನೂ ಬದಲಿಸುವ ಹುರುಪನ್ನು ನಾನು ಒಪ್ಪುವುದಿಲ್ಲ. ಅದರಲ್ಲೂ ರೈಡಿನ ದಿನ, ಹೊತ್ತು, ಸೇರುವ ಜಾಗ ಈ ಮೂರನ್ನು ಮುಟ್ಟುವ ಮೊದಲು ಹತ್ತು ಸಲ ಯೋಚಿಸಿ. ಮಧ್ಯೆ ಎರಡು ವರ್ಷ ಕಾಯಿಲೆಯಿಂದಲೋ ಮಗು ಸಣ್ಣದೆಂದೋ ಬಾರದೆ ಇದ್ದವರು ಯಾರಿಗೂ ಫೋನ್ ಮಾಡದೆ ನೇರ ಬಂದು ಸೇರಿಕೊಳ್ಳಬಹುದಾದದ್ದು ಆ ಮೂರು ಬದಲಾಗದೆ ಇರುವುದರಿಂದಲೇ. ಹಳೆಯ ಕ್ಲಬ್ಬಿನಲ್ಲಿ ನಾನು ಅತಿ ಹೆಚ್ಚು ಪ್ರೀತಿಸುವ ಗುಣ ಇದು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಸದಸ್ಯರ ಪಟ್ಟಿ, ಬೈಲಾ, ಲೆಕ್ಕಪತ್ರ, ಬ್ಯಾಂಕಿನಲ್ಲಿ ಸಹಿ ಯಾರದು, ವಿಮೆ ಯಾರಿಗೆ ಅನ್ವಯ, ಇವನ್ನು ಮೊದಲ ವಾರವೇ ನೋಡಿ. ವಿಮೆಯಿದ್ದರೆ ಮೊದಲ ಸಲ ಅತಿಥಿಯಾಗಿ ಬಂದವರಿಗೂ ರೈಡ್ ಲೀಡರಿಗೂ ಅದು ಅನ್ವಯಿಸುತ್ತದೆಯೇ ಎಂದು ಪಾಲಿಸಿಯನ್ನು ಓದಿಯೇ ತಿಳಿಯಿರಿ, ಬಾಯಿಮಾತು ನಂಬಬೇಡಿ. ಹಣಕ್ಕೆ ಎರಡು ಸಹಿ ಕಡ್ಡಾಯ. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್, ಇಮೇಲ್ ಪಾಸ್‌ವರ್ಡ್, ರೈಡಿನ ಮಾರ್ಗಗಳ ನಕ್ಷೆಯಿರುವ ಜಿಪಿಎಕ್ಸ್ ಫೈಲುಗಳು ಒಬ್ಬರ ಫೋನಿನಲ್ಲಷ್ಟೇ ಇರಬಾರದು. ಆ ಒಬ್ಬರು ನೀವೇ ಆಗಿದ್ದರೂ ಸರಿ.

ಇನ್ನು ಜನ. ಹಳೆಯ ಕ್ಲಬ್ಬಿನಲ್ಲಿ ಎಲ್ಲ ಕೆಲಸವನ್ನೂ ಮೂರು ನಾಲ್ಕು ಜನ ಮಾಡುತ್ತಿರುತ್ತಾರೆ, ಬಳಲಿರುತ್ತಾರೆ, ಬಿಟ್ಟುಕೊಡಲೂ ಮನಸ್ಸಿರುವುದಿಲ್ಲ. ‘ಯಾರಾದ್ರೂ ಮುಂದೆ ಬನ್ನಿ’ ಎಂದು ಗುಂಪಿಗೆ ಮೆಸೇಜ್ ಹಾಕಿದರೆ ಒಬ್ಬರೂ ಬರುವುದಿಲ್ಲ. ಎಲ್ಲರನ್ನೂ ಕರೆದರೆ ಯಾರನ್ನೂ ಕರೆದಂತಾಗುವುದಿಲ್ಲ. ರೈಡಿನಲ್ಲಿ ಪಕ್ಕಕ್ಕೆ ಹೋಗಿ, ‘ಮುಂದಿನ ತಿಂಗಳ ಎರಡನೇ ರೈಡನ್ನು ನೀವು ನಡೆಸಿ, ನಾನು ಹಿಂದೆ ಇರ್ತೀನಿ’ ಎಂದು ಹೇಳಿ. ಕೆಲಸ ಸಣ್ಣದು, ಯಾವಾಗ ಮುಗಿಯುತ್ತದೆ ಎಂಬುದು ಗೊತ್ತಿದೆ, ಕೇಳಿದ್ದು ಅವರನ್ನೇ. ಹೀಗೆ ಕೇಳಿದಾಗ ಇಲ್ಲ ಎನ್ನುವವರು ಕಡಿಮೆ. ಹೆಂಗಸರನ್ನು ರೈಡ್ ಲೀಡರ್ ಆಗಿ ತರುವುದಕ್ಕೂ ಇದೇ ದಾರಿ. ರೈಡಿಗೆ ಬರುವ ಹೆಂಗಸರು ಏಕೆ ಕಡಿಮೆ ಎಂದು ಗಂಡಸರೇ ಕೂತು ಚರ್ಚಿಸುವ ಸಭೆಗಳಿಂದ ಪ್ರಯೋಜನವಿಲ್ಲ. ಒಮ್ಮೆ ಬಂದು ನಿಲ್ಲಿಸಿದವರಿಗೆ ಫೋನ್ ಮಾಡಿ ಕೇಳಿ. ಕತ್ತಲಲ್ಲಿ ಒಬ್ಬರೇ ಸೇರುವ ಜಾಗಕ್ಕೆ ಬರಬೇಕಾದದ್ದು, ದಾರಿಯಲ್ಲಿ ಶೌಚಾಲಯ ಎಲ್ಲೂ ಇಲ್ಲದ್ದು, ಕೇಳದಿದ್ದರೂ ಸಿಗುವ ಉಪದೇಶ ಇಂಥವು ಹೊರಬರುತ್ತವೆ. ಬಹುಪಾಲು ನೀವು ಮುಂದಿನ ವಾರವೇ ಸರಿಪಡಿಸಬಹುದಾದವು. ಕಿರುಕುಳದ ದೂರು ಬಂದರೆ ಯಾರ ಬಳಿ ಹೇಳಬೇಕು ಎಂಬುದು ಮಾತ್ರ ಬರಹದಲ್ಲೇ ಇರಲಿ, ಆ ವ್ಯಕ್ತಿ ಅಧ್ಯಕ್ಷರಾಗಿರದಿರುವುದು ಒಳ್ಳೆಯದು.

ಇಷ್ಟು ನನ್ನ ಮಾತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

ಒಬ್ಬರು ಕೇಳಿದರು: ‘ನಿಧಾನದವರಿಗಾಗಿ ಎಲ್ಲವನ್ನೂ ಮಾಡಿದರೆ ವೇಗದವರು ಕ್ಲಬ್ ಬಿಟ್ಟು ಹೋಗ್ತಾರಲ್ಲ?’ ನಿಜವಾದ ಆತಂಕ. ವೇಗದವರಿಗೂ ಕ್ಲಬ್ಬಿನಲ್ಲಿ ಅವರದೇ ಜಾಗ ಬೇಕು, 1942ರ ಕಥೆ ಹೇಳುವುದೂ ಅದನ್ನೇ. ಅವರಿಗೆ ಬೇರೆ ರೈಡ್ ಇರಲಿ, ಬೇರೆ ದಿನ ಇರಲಿ. ವಾರದ ಮುಖ್ಯ ರೈಡು ಮಾತ್ರ ಎಲ್ಲರದ್ದು. ಇನ್ನೊಂದು ಮಾದರಿಯೂ ಉಂಟು. ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600 ಕಿ.ಮೀ.ಗೆ 40 ಗಂಟೆ ಎಂಬ ಗಡುವು ಇರುತ್ತದೆ. ಗಡುವಿನೊಳಗೆ ಮುಗಿಸಿದವರೆಲ್ಲ ಮುಗಿಸಿದವರೇ, ಮೊದಲ ಸ್ಥಾನ ಎರಡನೇ ಸ್ಥಾನ ಎಂಬುದಿಲ್ಲ. ಗಟ್ಟಿಗರಿಗೂ ಸಾಮಾನ್ಯರಿಗೂ ಒಂದೇ ದಿನ, ಒಂದೇ ದಾರಿಯಲ್ಲಿ ಸವಾಲು ಸಿಗುತ್ತದೆ. ವರ್ಷಕ್ಕೊಮ್ಮೆ ಕ್ಲಬ್ಬಿನಿಂದ ಎಲ್ಲರೂ ಸೇರಿ 200 ಕಿ.ಮೀ. ಬ್ರೆವೆಗೆ ತಯಾರಾಗಿ ನೋಡಿ.

ಇ-ಬೈಕ್ ಬಗ್ಗೆ ಇನ್ನೊಬ್ಬರು ಕೇಳಿದರು. ಇ-ಬೈಕಿನವರನ್ನೂ ರೈಡಿಗೆ ಸೇರಿಸಿಕೊಳ್ಳಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬ್ರಿಟನ್ನಿನಲ್ಲಿ 1878ರಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಎಂದು ಹುಟ್ಟಿದ ಸಂಘ ಮೂರು ಚಕ್ರದವರನ್ನೂ ಸೇರಿಸಿಕೊಳ್ಳಲು 1883ರಲ್ಲಿ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರನ್ನೇ ಬದಲಿಸಿಕೊಂಡಿತು. ಎಪ್ಪತ್ತು ದಾಟಿದ ಹಿರಿಯರು ಮಂಡಿ ನೋವಿನ ನಡುವೆಯೂ ಗುಂಪಿನ ಜೊತೆ ಬರಲು ಮೋಟಾರಿನ ನೆರವು ದಾರಿ ಮಾಡಿಕೊಟ್ಟರೆ ನಾವು ಸಂತೋಷಪಡಬೇಕು. ಎರಡು ಶರತ್ತು ಸಾಕು: ಅವರು ಗುಂಪಿನ ಮುಂದೆ ನಿಂತು ವೇಗ ನಿರ್ಧರಿಸಬಾರದು, ಏರಿನಲ್ಲಿ ಒಳಗಿನಿಂದ ನುಗ್ಗಿ ಇತರರನ್ನು ದಾಟಬಾರದು.

ಕೊನೆಯ ಪ್ರಶ್ನೆ, ಎಷ್ಟು ವರ್ಷ ಇರಬೇಕು ಎಂಬುದು. ಅದನ್ನು ಮೊದಲ ಸರ್ವಸದಸ್ಯರ ಸಭೆಯಲ್ಲೇ ವರ್ಷ ಹೆಸರಿಸಿ ಹೇಳಿಬಿಡಿ, ನಡಾವಳಿಯಲ್ಲಿ ಬರೆಸಿ. ಎರಡು ಅವಧಿ ಸಾಕು ಎಂಬುದು ನನ್ನ ಅಭಿಪ್ರಾಯ. ಕೊನೆಯ ವರ್ಷದ ಸಮಿತಿ ಸಭೆಗಳನ್ನು ಮುಂದೆ ಬರಲಿರುವವರೇ ನಡೆಸಲಿ, ನೀವು ಪಕ್ಕದಲ್ಲಿ ಕೂತು ಅವರು ಕೇಳಿದ್ದಕ್ಕಷ್ಟೇ ಉತ್ತರಿಸಿ. ಇಳಿದ ಮೇಲೆ ಒಂದು ವರ್ಷ ಸಮಿತಿಗೆ ನಿಲ್ಲಬೇಡಿ. ರೈಡಿಗೆ ಮಾತ್ರ ತಪ್ಪದೆ ಬನ್ನಿ. ಸ್ವೀಪ್ ಕೆಲಸಕ್ಕೆ ಅನುಭವಿಗಳು ಯಾವಾಗಲೂ ಬೇಕಾಗುತ್ತಾರೆ, ಹೊಸ ಅಧ್ಯಕ್ಷರು ಕೇಳಿದರೆ ಅದನ್ನು ವಹಿಸಿಕೊಳ್ಳಿ.